ಒಂದು ಹುರುಳಿ ಕಾಳಿನ ಹುರುಳು

ತೇರದಾಳದ ಗೊಂಕ ಜಿನಾಲಯದ ವಯಸ್ಸು ತಿಳಿಯಲು ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅಲ್ಲಿನ 12ನೆಯ ಶತಮಾನದ ಶಾಸನ ತನ್ನ ಶಕವರ್ಷವನ್ನು ತಾನೇ ಹೇಳುತ್ತದೆ, ಹಳಗನ್ನಡ ಓದಲು ಬಂದರೆ ಸಾಕು. ಆದರೆ ಜಮಖಂಡಿ ಬಳಿಯ ಹುನ್ನೂರದಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿಯಾದ ಈ ಊರಿಗೆ ಬಸದಿಗಿಂತ ಮೂರು ಸಾವಿರ ವರ್ಷ ಹಿಂದಿನ ಇನ್ನೊಂದು ವಯಸ್ಸಿದೆ. ಕಲ್ಲನ್ನು ಉಜ್ಜಿ ಕೊಡಲಿ ಮಾಡಿಕೊಂಡು, ದನ ಸಾಕಿಕೊಂಡು ಕೃಷ್ಣೆಯ ಈ ದಂಡೆಯಲ್ಲಿ ಬದುಕಿದ ಜನರ ವಯಸ್ಸು ಅದು. ಅವರು ಯಾವ ಶಾಸನವನ್ನೂ ಕೆತ್ತಿಸಲಿಲ್ಲ. ಅವರ ಕಾಲವನ್ನು ಲೆಕ್ಕ ಹಾಕಿದ್ದು 1960ರ ದಶಕದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯ. ಅಲ್ಲಿಂದ ಹೊರಬಿದ್ದ ‘ಟಿಎಫ್’ ಗುರುತಿನ ಪಟ್ಟಿಗಳಲ್ಲಿ ಆಗಿನ ವಿಜಾಪುರ ಜಿಲ್ಲೆಯ ತೇರದಾಳದ ಹೆಸರೂ ಇತ್ತು. ಅಂದಿನ ಲೆಕ್ಕದಲ್ಲಿ ಆ ಮಾದರಿಗಳು ಕ್ರಿ.ಪೂ. 2ನೆಯ ಸಹಸ್ರಮಾನದ ಮೊದಲರ್ಧಕ್ಕೆ ಸೇರಿದ್ದವು. ಅದೇ ಅಳತೆಯನ್ನು ಇಂದಿನ ಲೆಕ್ಕಕ್ಕೆ ಹೊಂದಿಸಿದರೆ ಅವು ಕ್ರಿ.ಪೂ. 2000ದ ಆಸುಪಾಸಿಗೆ ಸರಿಯುತ್ತವೆ. ಅಳೆದದ್ದು ಒಮ್ಮೆಯೇ, ವಯಸ್ಸು ಮಾತ್ರ ಎರಡು ಆಯಿತು. ಓದುಗರಿಗೆ ಅನುಮಾನ ಬರುವುದು ಇಲ್ಲಿಯೇ. ಹೀಗೆ ಕಾಲಕಾಲಕ್ಕೆ ಬದಲಾಗುವ ಅಂಕಿಯನ್ನು ನಂಬಿ ಇತಿಹಾಸ ಬರೆಯಬಹುದೇ? ಬರೆಯಬಹುದು ಎಂಬುದು ಈ ಲೇಖನದ ವಾದ, ಆದರೆ ಒಂದು ಷರತ್ತಿನ ಮೇಲೆ. ಅಂಕಿ ಎಷ್ಟು ಎಂದು ಕೇಳುವ ಮೊದಲು, ಅದನ್ನು ಪಡೆಯಲು ಸುಟ್ಟದ್ದು ಏನನ್ನು ಎಂದು ಕೇಳಬೇಕು. ಕನ್ನಡ ನಾಡಿನ ನವಶಿಲಾಯುಗದ ಕಾಲನಿರ್ಣಯ ಅರವತ್ತು ವರ್ಷಗಳಲ್ಲಿ ನಡೆದುಬಂದ ದಾರಿ ಈ ಪ್ರಶ್ನೆಯ ಸುತ್ತಲೇ ಇದೆ.

ವಿಕಿರಣ ಇಂಗಾಲ ಬರುವ ಮೊದಲು ಪುರಾತತ್ತ್ವಜ್ಞರು ಕಾಲವನ್ನು ಹೇಗೆ ಹೇಳುತ್ತಿದ್ದರು ಎಂಬುದಕ್ಕೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಒಳ್ಳೆಯ ಉದಾಹರಣೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆದಾಗ ಮೂರು ಸಂಸ್ಕೃತಿಗಳು ಪದರ ಪದರವಾಗಿ ಸಿಕ್ಕವು. ಕೆಳಗೆ ಕಲ್ಲುಕೊಡಲಿಯ ಜನ, ನಡುವೆ ಕಬ್ಬಿಣ ಬಳಸಿ ಬೃಹತ್ ಶಿಲಾಗೋರಿ ಕಟ್ಟಿದವರು, ಮೇಲೆ ಸಾತವಾಹನರ ಕಾಲದವರು. ವೀಲರ್ ಬಳಿ ಇದ್ದ ಭದ್ರವಾದ ಆಧಾರವೆಲ್ಲ ಮೇಲಿನ ಪದರದಲ್ಲಿತ್ತು. ಅದೇ ಜಿಲ್ಲೆಯ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿತ್ತು. ಪಾಂಡಿಚೇರಿ ಬಳಿಯ ಅರಿಕಮೇಡುವಿನಲ್ಲಿ ರೋಮನ್ ವ್ಯಾಪಾರದ ಮಡಕೆಗಳ ಜೊತೆ ದೊರೆತ ಮಡಕೆಗಳಂಥವೇ ಇಲ್ಲಿಯೂ ಇದ್ದವು. ಹೀಗಾಗಿ ಕ್ರಿ.ಶ. 1ನೆಯ ಶತಮಾನ ಗಟ್ಟಿಯಾಯಿತು. ಅಲ್ಲಿಂದ ಕೆಳಕ್ಕೆ ಇಳಿಯುವಾಗ ಅವರು ಪದರದ ದಪ್ಪ ನೋಡಿ ಅಂದಾಜು ಕಟ್ಟಿದರು. ಶಿಲಾಗೋರಿಗಳಿಗೆ ಕ್ರಿ.ಪೂ. 200ರಿಂದ ಈಚಿನ ಕಾಲ ಕೊಟ್ಟರು, ಕಲ್ಲುಕೊಡಲಿಯವರನ್ನು ಕ್ರಿ.ಪೂ. 1ನೆಯ ಸಹಸ್ರಮಾನದೊಳಗೆ ಕೂಡಿಸಿದರು. ಅಂದರೆ ಅಶೋಕನ ಶಾಸನವನ್ನು ಬ್ರಹ್ಮಗಿರಿಯ ಬಂಡೆಗೆ ಕೆತ್ತುವಾಗ ಅಲ್ಲಿ ಕಲ್ಲುಕೊಡಲಿಯ ಜನವೇ ಇನ್ನೂ ಬಾಳುತ್ತಿದ್ದರು ಎಂದಾಯಿತು. ಇವತ್ತು ಇದನ್ನು ಓದಿ ನಗುವುದು ಸುಲಭ. ವೀಲರ್ ದಡ್ಡರೇನಲ್ಲ, ಕೈಯಲ್ಲಿದ್ದ ಒಂದೇ ಗೂಟಕ್ಕೆ ಹಗ್ಗ ಕಟ್ಟಿ ಬಾವಿಗೆ ಇಳಿದರು. ಹಗ್ಗ ಎಷ್ಟು ಉದ್ದ ಬಿಡಬೇಕೆಂದು ಹೇಳುವವರು ಆಗ ಯಾರೂ ಇರಲಿಲ್ಲ.

ಅದನ್ನು ಹೇಳುವ ವಿಧಾನ ಎರಡೇ ವರ್ಷದಲ್ಲಿ ಬಂತು. ಅಮೆರಿಕದ ರಸಾಯನಶಾಸ್ತ್ರಜ್ಞ ವಿಲ್ಲರ್ಡ್ ಲಿಬ್ಬಿ ಮತ್ತು ಅವರ ಜೊತೆಗಾರರು 1949ರಲ್ಲಿ ವಿಕಿರಣ ಇಂಗಾಲದ ವಿಧಾನವನ್ನು ಲೋಕಕ್ಕೆ ತೋರಿಸಿದರು. 1960ರಲ್ಲಿ ಲಿಬ್ಬಿಗೆ ಅದಕ್ಕಾಗಿಯೇ ನೊಬೆಲ್ ಸಿಕ್ಕಿತು. ವಿಷಯ ಕೇಳಲು ಸರಳ. ಆಕಾಶದ ಆಚೆಯಿಂದ ಬರುವ ಕಿರಣಗಳು ವಾತಾವರಣದ ಸಾರಜನಕಕ್ಕೆ ತಾಗಿ ಇಂಗಾಲ-14 ಹುಟ್ಟುತ್ತಲೇ ಇರುತ್ತದೆ. ಗಿಡ ಬಿಸಿಲಿನಲ್ಲಿ ಆಹಾರ ತಯಾರಿಸಿಕೊಳ್ಳುವಾಗ ಗಾಳಿಯಿಂದ ಅದನ್ನು ಒಳಗೆ ತೆಗೆದುಕೊಳ್ಳುತ್ತದೆ, ಗಿಡ ತಿಂದ ದನದ ಮೈಗೂ, ದನದ ಹಾಲು ಕುಡಿದವರ ಮೈಗೂ ಅದು ಸೇರುತ್ತದೆ. ಜೀವ ಹೋದ ದಿನ ಈ ಜಮಾ ನಿಂತು ಖರ್ಚು ಮಾತ್ರ ಉಳಿಯುತ್ತದೆ. ಇದ್ದ ಇಂಗಾಲ-14 ಪ್ರತಿ 5730 ವರ್ಷಕ್ಕೆ ಅರ್ಧವಾಗುತ್ತ ಹೋಗುತ್ತದೆ. ಇಂದಿನ ಒಂದು ಗ್ರಾಂ ಇಂಗಾಲದಲ್ಲಿ ನಿಮಿಷಕ್ಕೆ ಹದಿಮೂರು-ಹದಿನಾಲ್ಕು ಅಣುಗಳು ಒಡೆಯುತ್ತವೆ, ನಾಲ್ಕು ಸಾವಿರ ವರ್ಷ ಹಳೆಯ ಇಂಗಾಲದಲ್ಲಿ ಸುಮಾರು ಎಂಟು. ಈ ಒಡೆತವನ್ನು ಎಣಿಸಿದರೆ ವಯಸ್ಸು ಸಿಗುತ್ತದೆ.

ದಕ್ಷಿಣದ ನವಶಿಲಾಯುಗಕ್ಕೆ ಈ ಎಣಿಕೆ ಮೊದಲು ತಟ್ಟಿದ್ದು ಒಂದು ಬೂದಿದಿಬ್ಬದ ಮೂಲಕ. ಬಳ್ಳಾರಿ, ರಾಯಚೂರು, ಸುರಪುರ ಸೀಮೆಗಳಲ್ಲಿ ಮಣ್ಣಿನ ಗುಡ್ಡೆಗಳಂತೆ ಬಿದ್ದಿರುವ ಬೂದಿಯ ರಾಶಿಗಳಿಗೆ ಜನ ತಮ್ಮದೇ ಕಥೆ ಕಟ್ಟಿಕೊಂಡಿದ್ದರು. ಹಂಪಿಯ ಬಳಿ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಜಾಗವೆಂದು ಇಂದಿಗೂ ಹೇಳುತ್ತಾರೆ. ರಾಬರ್ಟ್ ಬ್ರೂಸ್ ಫೂಟ್ ಅವು ಸೆಗಣಿ ಸುಟ್ಟ ರಾಶಿಗಳೆಂದು 19ನೆಯ ಶತಮಾನದಲ್ಲೇ ಊಹಿಸಿದ್ದರು. 1957ರಲ್ಲಿ ರೇಮಂಡ್ ಆಲ್ಚಿನ್ ಮೆಹಬೂಬನಗರ ಜಿಲ್ಲೆಯ ಉಟ್ನೂರಿನ ದಿಬ್ಬವನ್ನು ಅಗೆದು, ಅದು ದನದ ದೊಡ್ಡಿ, ಸೆಗಣಿ ಮತ್ತೆ ಮತ್ತೆ ಬೆಂದು ಗಾಜಿನಂತೆ ಗಟ್ಟಿಯಾಗಿದೆ ಎಂದು ತೋರಿಸಿದರು. ಅಲ್ಲಿನ ಮಾದರಿಯ ಕಾಲ ಕ್ರಿ.ಪೂ. 3ನೆಯ ಸಹಸ್ರಮಾನಕ್ಕೆ ಹೋಯಿತು. ವೀಲರ್ ಹಾಕಿದ್ದ ಗೆರೆಗಿಂತ ಒಂದು ಸಾವಿರ ವರ್ಷಕ್ಕೂ ಹಿಂದೆ. ಒಂದೇ ಮಾದರಿ ಎಂದು ತಳ್ಳಿಹಾಕುವಂತಿರಲಿಲ್ಲ, ಏಕೆಂದರೆ ಬೆನ್ನ ಹಿಂದೆಯೇ ಮುಂಬಯಿಯ ಪಟ್ಟಿಗಳು ಬರಲಾರಂಭಿಸಿದವು. ದೇವೇಂದ್ರ ಲಾಲ್ ಅವರ ಗುಂಪಿನಲ್ಲಿದ್ದ ಡಿ.ಪಿ. ಅಗ್ರವಾಲ್ ಮತ್ತು ಶೀಲಾ ಕುಸುಮ್‌ಗರ್ ಮಾದರಿಯ ಇಂಗಾಲವನ್ನು ಮೀಥೇನ್ ಅನಿಲವಾಗಿಸಿ, ಎಣಿಕೆ ಯಂತ್ರದೊಳಗೆ ತುಂಬಿ, ದಿನಗಟ್ಟಲೆ ಕಾದು ಒಂದೊಂದು ಕಾಲವನ್ನು ಹೊರತೆಗೆದರು. ಸುರಪುರ ಸೀಮೆಯ ಕೊಡೇಕಲ್ಲಿನಲ್ಲಿ ಕೆ. ಪದ್ದಯ್ಯ ಅಗೆದ ಬೂದಿದಿಬ್ಬವೂ ಕ್ರಿ.ಪೂ. 3ನೆಯ ಸಹಸ್ರಮಾನಕ್ಕೇ ಹೋಯಿತು. ತುಂಗಭದ್ರೆಯ ದಂಡೆಯ ಹಳ್ಳೂರನ್ನು 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಗೆದರು. ನವಶಿಲಾಯುಗ ಮುಗಿದು ಶಿಲಾಗೋರಿ ಕಾಲ ಶುರುವಾಗುವ ಪದರದಲ್ಲಿ ಕಬ್ಬಿಣವಿತ್ತು. ಆ ಪದರದ ಇದ್ದಿಲು ಕ್ರಿ.ಪೂ. 1000ದ ಸುತ್ತಿನ ಕಾಲ ಕೊಟ್ಟಿತು. ದಕ್ಷಿಣಕ್ಕೆ ಕಬ್ಬಿಣ ಮೌರ್ಯರ ಹೊತ್ತಿಗಷ್ಟೇ ಇಳಿದು ಬಂತು ಎನ್ನುವ ಮಾತು ಅಲ್ಲಿಗೆ ನಿಂತಿತು. ತೇರದಾಳದ ಹೆಸರು ಪಟ್ಟಿ ಸೇರಿದ್ದೂ ಇದೇ ಹತ್ತು ವರ್ಷಗಳ ಹುರುಪಿನಲ್ಲಿ. 1970ರ ದಶಕದಲ್ಲಿ ಈ ಪ್ರಯೋಗಾಲಯ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯಕ್ಕೆ ಹೋಯಿತು. ‘ಟಿಎಫ್’ ಅಳಿಸಿ ‘ಪಿಆರ್‌ಎಲ್’ ಬಂತು, ಕೆಲಸ ಮುಂದುವರಿಯಿತು.

ಇಷ್ಟಕ್ಕೆ ಕಥೆ ಮುಗಿದಿದ್ದರೆ ಇದೊಂದು ಗೆಲುವಿನ ಕಥೆಯಾಗುತ್ತಿತ್ತು. ಆದರೆ ಆ ಎಣಿಕೆಗೆ ಗ್ರಾಂಗಟ್ಟಲೆ ಇಂಗಾಲ ಬೇಕಿತ್ತು. ಉತ್ಖನನದ ಗುಂಡಿಯಲ್ಲಿ ಅಷ್ಟು ಇಂಗಾಲ ಸಿಗುವುದು ಇದ್ದಿಲಿನ ರೂಪದಲ್ಲಿ ಮಾತ್ರ. ತೊಡಕು ಇರುವುದು ಇದ್ದಿಲಿನಲ್ಲೇ. ಮರದ ತಿರುಳು ಬದುಕಿರುವ ಮರದೊಳಗೇ ಸತ್ತಿರುತ್ತದೆ. ಇನ್ನೂರು ವರ್ಷದ ಮರವನ್ನು ಇವತ್ತು ಕಡಿದರೂ ಅದರ ನಡುವಿನ ಕಟ್ಟಿಗೆಗೆ ಇಂಗಾಲದ ಲೆಕ್ಕದಲ್ಲಿ ಇನ್ನೂರು ವರ್ಷ ಆಗಿಹೋಗಿರುತ್ತದೆ. ಜೊತೆಗೆ ಕಟ್ಟಿಗೆಯನ್ನು ಕಡಿದ ದಿನವೇ ಸುಡುವವರಾರು? ಜಮಖಂಡಿ, ಮುಧೋಳ ಸೀಮೆಯ ಮಾಳಿಗೆ ಮನೆಗಳನ್ನು ನೆನೆದುಕೊಳ್ಳಿ. ಅಜ್ಜನ ಕಾಲದ ಮನೆ ಬಿದ್ದರೆ ಅದರ ತೊಲೆ, ಜಂತಿ, ಬೋದಿಗೆಗಳನ್ನು ಯಾರೂ ಒಲೆಗೆ ಹಾಕುವುದಿಲ್ಲ. ಹೊಸ ಮನೆಗೆ ಏರಿಸುತ್ತಾರೆ, ಅಲ್ಲಿಂದ ದನದ ಕೊಟ್ಟಿಗೆಗೆ ಇಳಿಯುತ್ತದೆ, ಮೂರನೆಯ ತಲೆಮಾರಿನಲ್ಲಿ ಹುಳ ತಿಂದ ಮೇಲೆ ಒಲೆಗೆ ಹೋಗುತ್ತದೆ. ಆ ಒಲೆಯ ಇದ್ದಿಲನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಬರುವ ಅಂಕಿ ಮರ ಬೆಳೆದ ಕಾಲದ್ದು, ಒಲೆ ಹೊತ್ತಿದ ದಿನದ್ದಲ್ಲ. ನಾಲ್ಕು ಸಾವಿರ ವರ್ಷದ ಹಿಂದಿನವರು ಮರವನ್ನು ನಮಗಿಂತ ಹಗುರವಾಗಿ ಕಂಡಿರಲಾರರು, ಕಲ್ಲುಕೊಡಲಿಯಲ್ಲಿ ಒಂದು ತೊಲೆ ಕೆತ್ತುವ ಶ್ರಮ ಎಷ್ಟೆಂದು ಊಹಿಸಿದರೆ ಸಾಕು. ಪ್ರಯೋಗಾಲಯದವರು ಇಲ್ಲಿ ತಪ್ಪು ಮಾಡಿಲ್ಲ. ಅವರು ಕೇಳಿದ ಪ್ರಶ್ನೆಗೆ ಸರಿಯಾಗಿಯೇ ಉತ್ತರಿಸಿದ್ದರು. ಪ್ರಶ್ನೆ ಮಾತ್ರ ಮರದ್ದಾಗಿತ್ತು, ನಮಗೆ ಬೇಕಿದ್ದದ್ದು ಮನುಷ್ಯರ ವಿಷಯ.

ಕಾಳಿನ ಸಂಗತಿ ಬೇರೆ. ಹುರುಳಿ ಗಿಡ ಮಳೆಗಾಲದಲ್ಲಿ ಹುಟ್ಟಿ ಚಳಿಗಾಲಕ್ಕೆ ಸಾಯುತ್ತದೆ. ಅದರ ಕಾಳಿನಲ್ಲಿರುವ ಇಂಗಾಲವೆಲ್ಲ ಒಂದೇ ಹಂಗಾಮಿನ ಗಾಳಿಯದು. ಹುರಿಯುವಾಗಲೋ ಬೇಯಿಸುವಾಗಲೋ ಒಲೆಗೆ ಸಿಡಿದು ಕರಕಲಾದ ಕಾಳು ಆ ವರ್ಷದ ಅಥವಾ ಹೆಚ್ಚೆಂದರೆ ಹಿಂದಿನ ವರ್ಷದ ಬೆಳೆ. ಅದರ ಮೇಲೆ, ಕಾಳು ಇದ್ದಲ್ಲಿ ಅದನ್ನು ತಿನ್ನುವವರಿದ್ದರು ಎಂಬುದೂ ಗೊತ್ತಾಗುತ್ತದೆ. ಅಂದರೆ ಕಾಲವೂ ಕೆಲಸವೂ ಒಂದೇ ಕಾಳಿನಲ್ಲಿ ಸಿಕ್ಕಿದಂತಾಯಿತು. ಆದರೆ ಒಂದು ಹುರುಳಿ ಕಾಳು ಕರಕಲಾದ ಮೇಲೆ ಉಳಿಯುವುದು ಕೆಲವೇ ಮಿಲಿಗ್ರಾಂ. ನಾಲ್ಕು ಸಾವಿರ ವರ್ಷ ಹಳೆಯ ಒಂದು ಮಿಲಿಗ್ರಾಂ ಇಂಗಾಲದಲ್ಲಿ ಒಂದು ಅಣು ಒಡೆಯಲು ಸರಾಸರಿ ಎರಡು ತಾಸು ಬೇಕು. ಹಳೆಯ ರೀತಿಯಲ್ಲಿ ಎಣಿಸಲು ಕುಳಿತರೆ ವರ್ಷಗಳೇ ಬೇಕಾಗುತ್ತವೆ. 1977ರಲ್ಲಿ ಈ ಗಂಟು ಬಿಚ್ಚುವ ದಾರಿ ಸಿಕ್ಕಿತು. ಅಣು ಒಡೆಯುವವರೆಗೆ ಯಾಕೆ ಕಾಯಬೇಕು, ಇನ್ನೂ ಒಡೆಯದೆ ಕುಳಿತಿರುವ ಅಣುಗಳನ್ನೇ ಎಣಿಸಬಾರದೇಕೆ? ಅದೇ ಒಂದು ಮಿಲಿಗ್ರಾಂನಲ್ಲಿ ಮೂರೂವರೆ ಕೋಟಿಗೂ ಹೆಚ್ಚು ಇಂಗಾಲ-14 ಅಣುಗಳು ಇನ್ನೂ ಉಳಿದಿರುತ್ತವೆ. ವೇಗವರ್ಧಕ ಯಂತ್ರದಲ್ಲಿ ಅವುಗಳನ್ನು ಓಡಿಸಿ, ತೂಕದ ಪ್ರಕಾರ ಬೇರೆ ಮಾಡಿ ಎಣಿಸುವ ಈ ವಿಧಾನವೇ ಎಎಂಎಸ್. ಈಗ ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲೂ ಅಹಮದಾಬಾದಿನಲ್ಲೂ ಇಂಥ ಯಂತ್ರಗಳಿವೆ.

ಯಂತ್ರ ಬಂದ ಕೂಡಲೇ ಕಾಳು ಸಿಗಬೇಕೆಂದೇನೂ ಇಲ್ಲ. ಸಲಿಕೆಯಿಂದ ಅಗೆಯುವವರ ಕಣ್ಣಿಗೆ ಸುಟ್ಟ ಸಾಮೆ, ನವಣೆಯ ಕಾಳು ಬೀಳುವುದಿಲ್ಲ. ಹಳೆಯ ಉತ್ಖನನಗಳಲ್ಲಿ ಅವು ಮಣ್ಣಿನ ಜೊತೆ ಬುಟ್ಟಿ ಏರಿ ಹೊರಗೆ ಹೋದವು. 1990ರ ದಶಕದ ಕೊನೆಯಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್, ಪಿ.ಸಿ. ವೆಂಕಟಸುಬ್ಬಯ್ಯ, ನಿಕೋಲ್ ಬೊವಿನ್ ಮೊದಲಾದವರು ಬಳ್ಳಾರಿಯ ಸಂಗನಕಲ್ಲು, ತೆಕ್ಕಲಕೋಟೆ, ಕುರುಗೋಡು, ಹಳ್ಳೂರು ಮುಂತಾದ ಕಡೆ ಮಾಡಿದ್ದು ತೀರ ಸಾದಾ ಕೆಲಸ. ಪದರ ಪದರದ ಮಣ್ಣನ್ನು ಬೇರೆ ಬೇರೆ ಇಟ್ಟು ನೀರಿಗೆ ಸುರಿದು ಕದಡಿದರು. ಅಕ್ಕಿ ತೊಳೆಯುವಾಗ ಜೊಳ್ಳು ಮೇಲೆ ಬರುವಂತೆ ಸುಟ್ಟ ಕಾಳು, ಸುಟ್ಟ ಹೊಟ್ಟು ತೇಲಿ ಬಂದವು. ಅವನ್ನು ಸಣ್ಣ ಜರಡಿಯಲ್ಲಿ ಹಿಡಿದು, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಗುರುತಿಸಿದರು. ಆಯ್ದ ಕಾಳುಗಳು ಎಎಂಎಸ್‌ಗೆ ಹೋದವು. ಹೊಸ ಕಾಲಗಳ ದೊಡ್ಡ ಕಂತು 2007ರಲ್ಲಿ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಬಂತು.

ಅದರಿಂದ ಗೊತ್ತಾದದ್ದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಅದು ನಮ್ಮ ತಾಟಿಗೆ ಸಂಬಂಧಿಸಿದ್ದು. ಈ ಸೀಮೆಯ ಮೊದಲ ಬೇಸಾಯಗಾರರ ಮುಖ್ಯ ಬೆಳೆಗಳು ನಾಲ್ಕು: ಕೊರಲೆ, ನವಣೆಯ ಕಾಡು ಬಳಗದ ಒಂದು ಸಣ್ಣ ಧಾನ್ಯ, ಹುರುಳಿ ಮತ್ತು ಹೆಸರು. ನಾಲ್ಕೂ ಈ ನೆಲದ ಮಳೆಗಾಲಕ್ಕೆ ಹೊಂದಿದವು, ಹೊರಗಿನಿಂದ ಯಾರೂ ತಂದು ಕೊಡಬೇಕಾಗಿರಲಿಲ್ಲ. ಗೋಧಿ ಮತ್ತು ಜವೆ ವಾಯವ್ಯದಿಂದ ಬಂದು ಸೇರಿದ್ದು ಆಮೇಲೆ, ಸುಮಾರು ಕ್ರಿ.ಪೂ. 1900ರ ಹೊತ್ತಿಗೆ. ಆಫ್ರಿಕದ ಮೂಲದ ಸಜ್ಜೆ, ಅವರೆ ಇಲ್ಲಿಗೆ ಬಂದದ್ದು ಅದಕ್ಕೂ ತಡವಾಗಿ, ಕ್ರಿ.ಪೂ. 2ನೆಯ ಸಹಸ್ರಮಾನದ ನಡುಭಾಗದ ಸುಮಾರಿಗೆ. ರೊಟ್ಟಿ ಎಂದರೆ ಜೋಳ, ಜೋಳ ಎಂದರೆ ಆದಿಕಾಲದಿಂದ ನಮ್ಮದು ಎಂದುಕೊಂಡಿರುವ ನಮ್ಮ ಭಾಗದವರಿಗೆ ಇದು ರುಚಿಸಲಿಕ್ಕಿಲ್ಲ. ಜೋಳವೂ ಆಫ್ರಿಕದಿಂದ ಬಂದದ್ದೇ, ಆ ಮೊದಲ ನಾಲ್ಕರ ಗುಂಪಿನಲ್ಲಿ ಅದು ಇಲ್ಲ. ಈಗ ಬಡವರ ಕಾಳು, ಎತ್ತಿನ ಕಾಳು ಎಂದು ಮೂಲೆ ಸೇರಿರುವ ಹುರುಳಿಯೇ ಇಲ್ಲಿನ ಹಿರಿಯಣ್ಣ. ಸಂಗನಕಲ್ಲಿನ ಸನ್ನರಾಚಮ್ಮನ ಗುಡ್ಡದ ಮೇಲೆ ಮೊದಲು ದನದ ದೊಡ್ಡಿಯ ಬೂದಿ ಬಿದ್ದಿತು, ಅದು ನಿಂತ ಮೇಲೆ ಅದೇ ಜಾಗದಲ್ಲಿ ಊರು ನೆಲೆಯಾಯಿತು ಎಂಬ ಕ್ರಮವೂ ಈ ಕಾಲಗಳಿಂದ ಗಟ್ಟಿಯಾಯಿತು. ದನ ಅಟ್ಟಿಕೊಂಡು ಹೋಗುವ ಬದುಕು ಕೂತು ಉಳುವ ಬದುಕಾಗಿ ತಿರುಗಿದ ಕಾಲಕ್ಕೆ ಹೀಗೆ ಒಂದು ಶತಮಾನದ ವಿಳಾಸ ಸಿಕ್ಕಿತು. ಇದ್ದಿಲಿನ ಅಂಕಿಗಳಿಂದ ಇಷ್ಟು ಬಿಗಿಯಾದ ವಿಳಾಸ ಸಿಗುತ್ತಿರಲಿಲ್ಲ.

ಇದಕ್ಕೆ ಆಕ್ಷೇಪಗಳಿವೆ, ಮತ್ತು ಅವು ಹಗುರವಾದವಲ್ಲ. ಎಲ್ಲಕ್ಕಿಂತ ಬಲವಾದದ್ದು ಎರೆಭೂಮಿಯಿಂದಲೇ ಬರುತ್ತದೆ. ಬೇಸಿಗೆಯಲ್ಲಿ ಹುನ್ನೂರದ ಎರೆಹೊಲದಲ್ಲಿ ನಡೆದಾಡಿದವರಿಗೆ ಗೊತ್ತು, ಬಿರುಕಿನಲ್ಲಿ ಕೈ ಇಳಿಸಿದರೆ ಮೊಣಕೈವರೆಗೆ ಹೋಗುತ್ತದೆ. ಹೋದ ವರ್ಷದ ಕಾಳು ಆ ಬಿರುಕಿನಲ್ಲಿ ಜಾರಿ ಮೂರು ಸಾವಿರ ವರ್ಷದ ಪದರಕ್ಕೆ ಇಳಿಯಲು ಒಂದು ಬೇಸಿಗೆ ಸಾಕು. ಹೆಗ್ಗಣದ ಬಿಲ, ಇರುವೆ ಗೂಡು ಇದ್ದೇ ಇವೆ. ಮನುಷ್ಯರದೇ ಹಗೇವುಗಳೂ ಇವೆ. ಕಾಳು ತುಂಬಿಡಲು ನೆಲದೊಳಗೆ ತೋಡಿದ ಹಗೇವು ಹಿಂದಿನವರ ನೆಲ ಸೀಳಿಕೊಂಡೇ ಕೆಳಗೆ ಇಳಿಯುತ್ತದೆ. ಹಾಗಾದರೆ ಕಾಳನ್ನು ನಂಬುವುದೆಂತು? ಇದಕ್ಕೆ ಕೊಡಬೇಕಾದ ಉತ್ತರ, ಈ ಆಕ್ಷೇಪ ಕಾಳಿಗಿಂತ ಪದರವನ್ನೇ ಹೆಚ್ಚು ಹೊಡೆಯುತ್ತದೆ ಎಂಬುದು. ಪಕ್ಕದ ಇದ್ದಿಲಿನ ಕಾಲವನ್ನು ಕಾಳಿಗೆ ಹಚ್ಚಿದರೆ ಜಾರಿಬಿದ್ದ ಹೊಸ ಕಾಳು ಹಳೆಯದಾಗಿ ಮೆರೆಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಕಾಳನ್ನೇ ನೇರವಾಗಿ ಅಳೆದರೆ ಅದರ ಗುಟ್ಟು ಹೊರಬೀಳುತ್ತದೆ. ಬಿರುಕು ಎಷ್ಟು ಆಳವೋ ಕಾಳನ್ನು ನೇರವಾಗಿ ಅಳೆಯುವ ಅಗತ್ಯ ಅಷ್ಟೇ ಹೆಚ್ಚು. ಒಂದೇ ಕಾಳಿನ ಮೇಲೆ ಕೋಟೆ ಕಟ್ಟಬಾರದು ಎಂಬುದು ನಿಜ, ಅದಕ್ಕಾಗಿಯೇ ಒಂದು ಪದರದಿಂದ ಹಲವು ಕಾಳುಗಳನ್ನು, ಮೇಲೆ ಕೆಳಗಿನ ಪದರಗಳಿಂದಲೂ ತೆಗೆದು ಒಟ್ಟಿಗೆ ಲೆಕ್ಕ ಹಾಕುತ್ತಾರೆ.

ಎರಡನೆಯದು ಮಾದರಿಯ ಶುದ್ಧಿ. ಎರೆಮಣ್ಣಿನಲ್ಲಿ ಸುಣ್ಣದ ಹರಳು ಹೇರಳ, ಗಿಡದ ಸಣ್ಣ ಬೇರುಗಳು ಇದ್ದಿಲೊಳಗೂ ತೂರಿಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ ಮಾದರಿಯನ್ನು ಆಮ್ಲ, ಕ್ಷಾರ, ಮತ್ತೆ ಆಮ್ಲದಲ್ಲಿ ತೊಳೆಯುವುದು ಇದನ್ನು ಕಳೆಯಲಿಕ್ಕೆ. ಆದರೂ ಶೇಕಡಾ 1ರಷ್ಟು ಇಂದಿನ ಇಂಗಾಲ ಉಳಿದುಬಿಟ್ಟಿತು ಎಂದುಕೊಳ್ಳೋಣ. ನಾಲ್ಕು ಸಾವಿರ ವರ್ಷದ ಕಾಳಿನಲ್ಲಿ ಅದರಿಂದ ಬರುವ ತಪ್ಪು ಸುಮಾರು 50 ವರ್ಷ. ನವಶಿಲಾಯುಗದ ಚರ್ಚೆಯಲ್ಲಿ ಅಷ್ಟು ತಡೆದುಕೊಳ್ಳಬಹುದು. ನಲವತ್ತು ಸಾವಿರ ವರ್ಷದ ಮಾದರಿಯಲ್ಲಿ ಅದೇ ಶೇಕಡಾ 1 ಆರು ಸಾವಿರಕ್ಕೂ ಹೆಚ್ಚು ವರ್ಷವನ್ನು ನುಂಗುತ್ತದೆ. ಬೀಳಗಿ ತಾಲ್ಲೂಕಿನ ಅನಗವಾಡಿಯಲ್ಲಿ ಘಟಪ್ರಭೆಯ ದಂಡೆಗೆ ಸಿಕ್ಕ ಹಳೆಶಿಲಾಯುಗದ ಕಲ್ಲಿನ ಆಯುಧಗಳಿಗೆ ಈ ವಿಧಾನ ತೀರ ನಿರುಪಯೋಗಿ. ಐವತ್ತು ಸಾವಿರ ವರ್ಷದಾಚೆ ಎಣಿಸಲು ಇಂಗಾಲ-14 ಉಳಿದಿರುವುದೇ ಇಲ್ಲ, ಅಲ್ಲಿ ಬೇರೆ ವಿಧಾನಗಳು ಬೇಕು.

ಇನ್ನು ಮೊದಲಲ್ಲಿ ಎತ್ತಿದ ಪ್ರಶ್ನೆ, ಒಂದೇ ಅಳತೆಗೆ ಎರಡು ವಯಸ್ಸು. ವಾತಾವರಣದಲ್ಲಿ ಇಂಗಾಲ-14ರ ಪ್ರಮಾಣ ಎಲ್ಲ ಕಾಲದಲ್ಲೂ ಒಂದೇ ಇತ್ತು ಎಂದು ಲಿಬ್ಬಿ ಹಿಡಿದಿದ್ದರು. ಮರದ ವರ್ಷದ ಉಂಗುರಗಳನ್ನು ಒಂದೊಂದಾಗಿ ಎಣಿಸಿ, ಅದೇ ಉಂಗುರದ ಇಂಗಾಲವನ್ನೂ ಅಳೆದಾಗ ಅದು ಏರಿಳಿದಿದೆ ಎಂದು ಗೊತ್ತಾಯಿತು. ಈಗ ಪ್ರತಿ ಅಳತೆಯನ್ನೂ ಆ ಉಂಗುರಗಳ ಪಟ್ಟಿಗೆ ಹೊಂದಿಸಿಯೇ ವರ್ಷ ಹೇಳುತ್ತಾರೆ. ತೇರದಾಳದ ಕಾಲಮಾನದಲ್ಲಿ ಈ ತಿದ್ದುಪಡಿ ಮುನ್ನೂರು ವರ್ಷದ ಸುಮಾರಿನದು. ಹಳೆಯ ಪುಸ್ತಕಗಳಲ್ಲಿ ಅಚ್ಚಾದ ‘ಟಿಎಫ್’ ಕಾಲಗಳನ್ನು ಇವತ್ತಿಗೂ ಹಾಗೆಯೇ ನಕಲು ಮಾಡುವ ಪಠ್ಯಗಳಿವೆ. ಅವನ್ನು ಓದುವವರು ಇಷ್ಟನ್ನು ನೆನಪಿಟ್ಟರೆ ಗೊಂದಲ ಅರ್ಧ ಕಡಿಮೆಯಾದೀತು. ತಕ್ಕಡಿ ತಪ್ಪಾಗಿರಲಿಲ್ಲ, ಕಲ್ಲಿನ ತೂಕ ತಿದ್ದಬೇಕಾಗಿತ್ತು. ಊರ ಸಂತೆಯಲ್ಲಿ ಇದು ಅನುಮಾನಕ್ಕೆ ಕಾರಣ, ಪ್ರಯೋಗಾಲಯದಲ್ಲಿ ವಿಶ್ವಾಸಕ್ಕೆ, ಏಕೆಂದರೆ ತಿದ್ದಿದ ಲೆಕ್ಕ ಎಲ್ಲರ ಮುಂದೆ ಇದೆ.

ಈ ವಾದವನ್ನು ನಮ್ಮ ನೆರೆಹೊರೆಯ ಬಿಸಿ ಚರ್ಚೆಗಳಿಗೆ ಹಚ್ಚಿ ನೋಡಬಹುದು. ತಮಿಳುನಾಡಿನ ಶಿವಗಳೈಯಲ್ಲಿ ಗೋರಿಯ ಮಡಕೆಯೊಳಗೆ ದೊರೆತ ಭತ್ತದ ಕಾಲ ಕ್ರಿ.ಪೂ. 1155 ಎಂದು ಅಲ್ಲಿನ ಸರ್ಕಾರ 2021ರಲ್ಲಿ ಪ್ರಕಟಿಸಿತು. ಅದೇ ಶಿವಗಳೈಯ ಮಾದರಿಗಳ ಆಧಾರದ ಮೇಲೆ 2025ರ ಜನವರಿಯಲ್ಲಿ ಕಬ್ಬಿಣದ ಕಾಲವನ್ನು ಕ್ರಿ.ಪೂ. 3345ರವರೆಗೆ ಒಯ್ಯಲಾಯಿತು. ಒಂದು ಕಡೆ ಭತ್ತ, ಇನ್ನೊಂದು ಕಡೆ ಇದ್ದಿಲು. ನಡುವೆ ಎರಡು ಸಾವಿರ ವರ್ಷ. ಗೋರಿಗಳು ಬೇರೆ ಬೇರೆ, ಒಂದೇ ಸ್ಮಶಾನ ದೀರ್ಘಕಾಲ ಬಳಕೆಯಲ್ಲಿರಬಹುದು, ಆದ್ದರಿಂದ ಒಂದು ಇನ್ನೊಂದನ್ನು ಸುಳ್ಳಾಗಿಸುವುದಿಲ್ಲ. ಆದರೂ ಆ ಹಳೆಯ ಅಂಕಿ ಕಬ್ಬಿಣದ್ದಲ್ಲ, ಕಬ್ಬಿಣದ ಪಕ್ಕದಲ್ಲಿದ್ದ ಇದ್ದಿಲಿನದು ಎಂಬುದನ್ನು ಮರೆಯಬಾರದು. ಹಳ್ಳೂರಿನ ಕಬ್ಬಿಣದ ಕಾಲವೂ ಇದ್ದಿಲಿನದೇ ಎಂದು ನೆನಪಿಸಬಹುದು, ನ್ಯಾಯವೇ. ಕನ್ನಡಿಗರು ತಮಿಳರಿಗೆ ಹಾಕುವ ಅಳತೆಗೋಲನ್ನು ತಮಗೂ ಹಾಕಿಕೊಳ್ಳಬೇಕು. ಹಳ್ಳೂರಿನಲ್ಲಿ ಪಶುವೈದ್ಯ ಕೆ.ಆರ್. ಆಲೂರರು ಗುರುತಿಸಿದ ಕುದುರೆಯ ಮೂಳೆಗಳು ಎಷ್ಟು ಹಳೆಯವು ಎಂಬ ವಿವಾದವೂ ಇದೇ ಜಾತಿಯದು. ಜಗಳವಾಡಿದ್ದು ಪದರದ ಕಾಲ ಹಿಡಿದು. ಬಿಸಿ ನಾಡಿನ ಮೂಳೆಯಲ್ಲಿ ಅಳೆಯಲು ಬೇಕಾದ ಕೊಲಾಜೆನ್ ಉಳಿಯುವುದು ಅಪರೂಪವಾದ್ದರಿಂದ ಮೂಳೆಯನ್ನೇ ಕೇಳುವ ದಾರಿ ಹೆಚ್ಚಾಗಿ ಮುಚ್ಚಿರುತ್ತದೆ.

ತಮಾಷೆಯ ಪ್ರಸಂಗವೂ ಒಂದಿದೆ. ಸೋಮನಾಥಪುರದ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆ, ಆದ್ದರಿಂದ ಕೊಲಂಬಸನಿಗೆ ಮೊದಲೇ ಅಮೆರಿಕದ ಬೆಳೆ ಕರ್ನಾಟಕಕ್ಕೆ ಬಂದಿತ್ತು ಎಂದು 1989ರಲ್ಲಿ ಕಾರ್ಲ್ ಜೊಹಾನೆಸನ್ ಎಂಬ ಅಮೆರಿಕದ ವಿದ್ವಾಂಸರು ವಾದಿಸಿದರು. ಅದು ಮುತ್ತಿನ ಹಣ್ಣು, ಮುಕ್ತಾಫಲ ಎಂದು ಇನ್ನು ಕೆಲವರು. ಶಿಲ್ಪದ ಕಾಳಿನ ಸಾಲು ಎಣಿಸಿ ಎಷ್ಟು ಪುಟ ಬರೆದರೂ ಈ ಜಗಳ ತೀರುವುದಿಲ್ಲ. ಹೊಯ್ಸಳರ ಕಾಲದ ಒಂದು ಒಲೆಯಿಂದ ಸುಟ್ಟ ಮೆಕ್ಕೆಜೋಳದ ಒಂದು ಕಾಳು ತೇಲಿ ಬಂದು, ಅದರ ಇಂಗಾಲ 13ನೆಯ ಶತಮಾನ ಎಂದು ಹೇಳಿದರೆ ಒಂದೇ ದಿನದಲ್ಲಿ ತೀರುತ್ತದೆ. ಅಲ್ಲಿಯವರೆಗೆ ಕಲ್ಲಿನ ತೆನೆಯನ್ನು ಬೆಳೆಯ ಚರಿತ್ರೆಗೆ ಸೇರಿಸದಿರುವುದೇ ಸರಿ.

ಇದೆಲ್ಲ ಕೃಷ್ಣಾ–ಘಟಪ್ರಭೆಯ ನಡುವಿನ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಯಾಕೆ ಬೇಕು ಎಂದರೆ, ಇಲ್ಲಿ ಕಾಳು ತೇಲಿಸುವ ಕಾಲ ಮೀರುತ್ತಿದೆ. ಆಲಮಟ್ಟಿ ಜಲಾಶಯದ ಹಿನ್ನೀರು ಬೀಳಗಿ, ಜಮಖಂಡಿ ಭಾಗದ ನದಿದಂಡೆಯ ಊರುಗಳನ್ನು ನುಂಗಿದೆ. ನವಶಿಲಾಯುಗದವರು ನೆಲೆಸುತ್ತಿದ್ದದ್ದು ಇಂಥ ದಂಡೆಗಳಲ್ಲೇ. ನೀರು ಬಾರದ ಕಡೆ ಕಬ್ಬಿನ ಗದ್ದೆಗಾಗಿ ಜೆಸಿಬಿ ದಿಬ್ಬಗಳನ್ನು ಸಮ ಮಾಡುತ್ತಿದೆ, ಹಾಳು ಮಣ್ಣು ಫಲವತ್ತಾದದ್ದೆಂದು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೋಗುತ್ತದೆ. ರೈತರನ್ನು ದೂರುವಂತಿಲ್ಲ, ಹಾಳೂರಿನ ಬೂದಿಮಣ್ಣು ಗೊಬ್ಬರ ಎಂಬುದು ಅವರ ಅನುಭವ ಮತ್ತು ಅದು ನಿಜ. ಆದರೆ ದಿಬ್ಬ ಸಮ ಮಾಡುವಾಗ ಬೂದಿಯ ಪದರ, ಕರಿ-ಕೆಂಪು ಬೋಕಿ, ಉಜ್ಜಿ ನುಣುಪು ಮಾಡಿದ ಕಲ್ಲುಕೊಡಲಿ ಒಟ್ಟಿಗೆ ಕಂಡರೆ ಒಂದು ದಿನ ಯಂತ್ರ ನಿಲ್ಲಿಸಿ. ಎಷ್ಟು ಮೊಳ ಆಳದಲ್ಲಿ ಸಿಕ್ಕಿತೆಂದು ಬರೆದಿಟ್ಟುಕೊಳ್ಳಿ. ಕರಿ ಮಣ್ಣನ್ನು ಕೈಯಿಂದ ತಿಕ್ಕಬೇಡಿ, ಹತ್ತಿಯಲ್ಲಿ ಸುತ್ತಬೇಡಿ, ಅದೂ ಇಂಗಾಲವೇ. ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಗೆಯೇ ಹಾಕಿ ಮುಚ್ಚಿ, ಪುರಾತತ್ತ್ವ ಇಲಾಖೆಗೋ ಧಾರವಾಡದ ವಿಶ್ವವಿದ್ಯಾಲಯಕ್ಕೋ ಸುದ್ದಿ ಮುಟ್ಟಿಸಿ. ಆ ಡಬ್ಬಿಯಲ್ಲಿ ಒಂದು ಸುಟ್ಟ ಹುರುಳಿ ಇದ್ದರೂ ಇರಬಹುದು.